ಕ್ಷೀರಕೋಟಿ ಕಾಯಿನ್‌ಗೆ ಮನೆ ನೋಡಿದ್ದು

ಮಾಲೂರು ತಾಲ್ಲೂಕು ಮಾಸ್ತಿ ಹೋಬಳಿ ಹುಣಸೆಪಾಳ್ಯದ ಸಮಸ್ತ ಹಾಲು ಉತ್ಪಾದಕರಿಗೂ, ಅವರ ಹಸುಗಳಿಗೂ, ಹಸುಗಳ ಮೈಮೇಲಿನ ಉಣ್ಣೆಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಡೇರಿ ಅಧ್ಯಕ್ಷರಾದ ಶ್ರೀ ಗುರುವಪ್ಪನವರ ಕುರ್ಚಿಗೆ ಸೋಮವಾರ ಬೆಳಗಿನ ಶುಭಗಳಿಗೆಯಲ್ಲಿ ಹೊಸ ಟರ್ಕಿ ಟವೆಲ್ ಹೊದಿಸಲಾಗಿದೆ. ಹಳೆಯ ಟವೆಲ್ಲು ದೀರ್ಘಕಾಲ ಬೆನ್ನುಸೇವೆ ಸಲ್ಲಿಸಿ, ಬೆವರುಂಡು, ನಡುವೆ ತೂತಾಗಿ, ಈಗ ಅಧ್ಯಕ್ಷರ ಬೈಕು ಒರೆಸುವ ಹುದ್ದೆಗೆ ವರ್ಗವಾಗಿದೆ. ಹೊಸದು ಕೆನೆ ಬಣ್ಣದ್ದು. ಮೂಲೆಯಲ್ಲಿ ಚಿನ್ನದ ದಾರದ ಹಸು, ಅದರ ಕೆಚ್ಚಲಿನಿಂದ ಹಾಲಿಗೆ ಬದಲು ಉದುರುತ್ತಿರುವ ನಾಣ್ಯ, ಕೆಳಗೆ ‘ಕ್ಷೀರಕೋಟಿ ಕಾಯಿನ್’ ಎಂಬ ಕಸೂತಿ.

“ಪಾಪ, ಹಸುಗೆ ಕೆಚ್ಚಲುಬಾವು ಬಂದೈತೆ. ಡಾಕ್ಟ್ರಿಗೆ ತೋರಿಸ್ರಪ್ಪ,” ಎಂದಳು ಗಂಗಾಲಕ್ಷ್ಮಿ.

ಗಂಗಾಲಕ್ಷ್ಮಿ ಡೇರಿಯ ನಿರ್ದೇಶಕರಲ್ಲಿ ಒಬ್ಬಳು. ಮೂರು ಹಸು ಕಟ್ಟಿದ್ದಾಳೆ. ಅವುಗಳಲ್ಲಿ ಒಂದು ಒದೆಯುತ್ತದೆ. ಒಡತಿಯಿಂದ ಕಲಿತದ್ದು ಎಂದು ಊರು ಹೇಳುತ್ತದೆ. ಆದರೆ ಆ ದಿನದ ಅವಳ ಸಿಟ್ಟಿಗೆ ಕಾರಣವಿತ್ತು. ಹುಣಸೆಪಾಳ್ಯಕ್ಕೆ ಹಾಲಿನ ಲಾರಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಸಂಜೆಯ ಹಾಲು ಕ್ಯಾನಿನಲ್ಲೇ ಒಡೆದು, ಹೆಂಗಸರ ದುಡಿಮೆ ಚರಂಡಿಗೆ ಹರಿಯುತ್ತದೆ. ಅದಕ್ಕೆಂದು ಊರಿನ ಹೆಂಗಸರು ಪ್ರತಿ ಬಟವಾಡೆಯಲ್ಲೂ ಒಂದಿಷ್ಟು ಬಿಟ್ಟುಕೊಟ್ಟು, ಹಾಲು ತಂಪು ಮಾಡುವ ಯಂತ್ರಕ್ಕೆ ಒಂದು ಕೋಣೆ ಕಟ್ಟಿಸಲು ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಕಿವಿಯ ಓಲೆ ಅಡವಿಟ್ಟರೂ ಆ ಗಂಟು ಮುಟ್ಟಿರಲಿಲ್ಲ. ಈಗ ಗುರುವಪ್ಪ ಆ ಗಂಟನ್ನು ಟವೆಲ್ಲಿನ ಹಸುವಿಗೆ ಮೇವಾಗಿ ಹಾಕಲು ಹೊರಟಿದ್ದ.

“ಕೋಣೆ ಕಟ್ಟಿದ್ರೆ ಒಂದೇ ಕೋಣೆ ಕಣೇ ಗಂಗಾ,” ಎಂದ ಗುರುವಪ್ಪ, ಟವೆಲ್ಲಿಗೆ ಬೆನ್ನು ತಿಕ್ಕುತ್ತಾ. “ಇದ್ರಲ್ಲಿ ಹಾಕಿದ್ರೆ ವರ್ಷ ತಿರುಗೋದ್ರೊಳಗೆ ಮೂರು ಕೋಣೆ, ಮೇಲೊಂದು ಕಲ್ಯಾಣ ಮಂಟಪ.”

“ಯಾರು ಹೇಳಿದ್ದು ಗುರುವಣ್ಣ?”

“ಹುಡುಗ ಹೇಳ್ದ. ಕದಿರೇಶ್ ಅಂತ. ಯಲ್ದೂರು ಕಡೆಯೋನು. ಈ ಕಾಯಿನ್ ಹುಟ್ಟಿಸಿದ್ದೇ ಅವ್ನು.”

“ಕಾಯಿನ್ ಅಂತೀರಾ, ಎಲ್ಲಿ, ಒಂದು ತೋರ್ಸಿ.”

“ಅದು ಕಣ್ಣಿಗೆ ಕಾಣಲ್ಲ.”

“ನಮ್ ದುಡ್ಡು?”

“ಅದು ಕಾಣ್ತದೆ.”

“ಸರಿಹೋಯ್ತು. ಕಾಣೋದು ಕೊಟ್ಟು ಕಾಣ್ದೇ ಇರೋದು ತಗೋಬೇಕು. ನಾಣ್ಯಕ್ಕೆ ಮೊದ್ಲು ಮನುಷ್ಯನ ನಾಣ್ಯ ನೋಡಿ. ಯಾರು ಅವ್ನು, ಹಿಂದೆ ಏನ್ ಮಾಡ್ದ, ಹಾಕಿದ ದುಡ್ಡು ವಾಪಸ್ ಬರ್ತದಾ?”

“ಅದಕ್ಕೇ ಅಲ್ವಾ,” ಎಂದಳು ಪಕ್ಕದಲ್ಲಿದ್ದ ಉಪಾಧ್ಯಕ್ಷೆ ಮುತ್ಯಾಲಮ್ಮ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ. “ಮನೆ ನೋಡ್ಕೊಂಡು ಬರೋಣ.”

ಇಲ್ಲೇ ಎಡವಟ್ಟಾಗಿದ್ದು. ಈ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರೆ. ಅದಕ್ಕೆ ಎರಡೇ ಕಟ್ಟಳೆ. ಮೊದಲನೆಯದು, ಮನೆಗೆ ಹೋಗುವ ಮುಂಚೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹುಡುಗನ ಬಗ್ಗೆ ಮೆಲ್ಲಗೆ ವಿಚಾರಿಸಬೇಕು. ಎರಡನೆಯದು, ಒಪ್ಪಿಗೆ ಆಗುವವರೆಗೆ ಆ ಮನೆಯಲ್ಲಿ ಊಟ ಮಾಡಬಾರದು. ನೀರು ಕುಡಿಯಬಹುದು, ಕಾಫಿಗೂ ಕ್ಷಮೆಯಿದೆ. ಎಲೆಗೆ ಕೈಯಿಟ್ಟರೆ ಮಾತ್ರ ಸಂಬಂಧ ಕುದುರಿತು ಎಂದೇ ಲೆಕ್ಕ; ಆಮೇಲೆ ಬೇಡ ಎಂದವರ ಮಗಳಿಗೆ ಮೂರು ತಾಲ್ಲೂಕಿನಲ್ಲಿ ಗಂಡು ಹುಟ್ಟುವುದಿಲ್ಲ. ಮುತ್ಯಾಲಮ್ಮ ಈ ವಿದ್ಯೆಯಲ್ಲಿ ಪಳಗಿದವಳು. ಅವಳು ನೋಡಿ ಬಂದ ಮನೆಗಳಲ್ಲಿ ಈಗ ಮೊಮ್ಮಕ್ಕಳು ಓಡಾಡುತ್ತಿವೆ. ಹೆಣ್ಣು ಕೊಡಲು ನಡೆಯುವ ವಿದ್ಯೆ ಗಂಟು ಕೊಡಲು ಯಾಕೆ ನಡೆಯಬಾರದು ಎಂದು ಸಮಿತಿಗೆ ಸಮಿತಿಯೇ ತಲೆಯಾಡಿಸಿತು. ಬಾಡಿಗೆ ಸುಮೋ ಬಂತು. ಬಾಡಿಗೆ ಕೊಟ್ಟವನು ಕದಿರೇಶನೇ. ನೋಡಿಸಿಕೊಳ್ಳುವವನೇ ನೋಡುವವರಿಗೆ ಬಂಡಿ ಕಳಿಸಿದ್ದು ಗಂಗಾಲಕ್ಷ್ಮಿಯೊಬ್ಬಳಿಗೆ ವಿಚಿತ್ರವೆನಿಸಿತು. ಮಿಕ್ಕವರಿಗೆ ಕಿಟಕಿ ಪಕ್ಕದ ಸೀಟಿನದೇ ಚಿಂತೆ.

ಕೋಲಾರ ದಾಟಿ, ಶ್ರೀನಿವಾಸಪುರ ದಾಟಿ, ಮಾವಿನ ತೋಟಗಳ ನಡುವೆ ಯಲ್ದೂರಿನ ಹತ್ತಿರದ ಆ ಊರು ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ಟೀ ಅಂಗಡಿಯಲ್ಲಿ ವೆಂಕಟರತ್ನಮ್ಮ ಎಂಬ, ಕನ್ನಡಕ್ಕೆ ಗಡಿಯ ತೆಲುಗು ಬೆರೆಸಿ ಮಾತಾಡುವಾಕೆ ಬೋಂಡಾ ಬಿಡುತ್ತಿದ್ದಳು. ಮುತ್ಯಾಲಮ್ಮ ಹತ್ತಿರ ಹೋಗಿ, ಮದುವೆಗೆಂದೇ ಇಟ್ಟುಕೊಂಡ ದನಿ ತೆಗೆದಳು.

“ಶ್ರೀರಾಮಪ್ಪನೋರ ಮಗ ಹೆಂಗಮ್ಮಾ?”

“ಕದಿರೇಶಾ? ಬಂಗಾರಂ ಅಮ್ಮಾ! ರಸ್ತೇಲಿ ತಲೆ ಎತ್ತಿ ನೋಡಲ್ಲ.”

ಕೈಯಲ್ಲಿ ಫೋನಿರುವವನು ತಲೆ ಎತ್ತುವುದಾದರೂ ಯಾಕೆ ಎಂದು ಯಾರೂ ಕೇಳಲಿಲ್ಲ.

“ಕುಡಿತ?”

“ಲೇದು ಲೇದು.”

“ಇಸ್ಪೀಟು?”

“ಅಯ್ಯೋ, ಆ ಹುಡುಗನ ಮುಂದೆ ಆ ಮಾತಾ! ಅಪ್ಪ ಗುಡಿಗೆ ಕಬ್ಬಿಣದ ಗೇಟು ಮಾಡಿಸ್ಕೊಟ್ಟವ್ರೆ.”

ಗಂಗಾಲಕ್ಷ್ಮಿ ನಡುವೆ ಬಾಯಿ ಹಾಕಿದಳು. “ಹುಡುಗ ಕೆಲ್ಸ ಏನ್ಮಾಡ್ತಾನಮ್ಮಾ?”

“ಕೆಲ್ಸನಾ? ದುಡ್ಡು ಮಾಡ್ತಾನೆ.”

“ಏನ್ ಮಾಡಿ?”

ವೆಂಕಟರತ್ನಮ್ಮ ಜಾಲರಿ ಸೌಟನ್ನು ಎಣ್ಣೆಯ ಮೇಲೆ ನಿಲ್ಲಿಸಿ ಯೋಚಿಸಿದಳು. “ಅದೇ ಕದಾ, ದುಡ್ಡು ಮಾಡಿ.”

“ಪಾಸು,” ಎಂದಳು ಮುತ್ಯಾಲಮ್ಮ.

ಮನೆ ಮುಂದೆ ರಂಗೋಲಿ ಬಿದ್ದಿತ್ತು. ಹಳೆಯ ಹೆಂಚಿನ ಮನೆಯ ಪಕ್ಕಕ್ಕೆ ಅಂಟಿಕೊಂಡು ಹೊಸ ಮಹಡಿಮನೆ, ಮೆಟ್ಟಿಲಿಗೆಲ್ಲ ಹೊಳೆಯುವ ಗ್ರಾನೈಟು. ಬಿಳಿ ಅಂಗಿ, ಬಿಳಿ ಪಂಚೆಯ ಕದಿರೇಶ್ ಓಡಿ ಬಂದು ಗುರುವಪ್ಪನ ಕಾಲಿಗೆ ಬಿದ್ದ, ಮುತ್ಯಾಲಮ್ಮನ ಕಾಲಿಗೆ ಬಿದ್ದ, ಸುಮೋ ಡ್ರೈವರನ ಕಾಲಿಗೂ ಅರ್ಧ ಬಾಗಿದ. ಗಂಗಾಲಕ್ಷ್ಮಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ಸಲೀಸಾಗಿ ಬೀಳುವವನು ಬೇರೆಯವರನ್ನೂ ಅಷ್ಟೇ ಸಲೀಸಾಗಿ ಬೀಳಿಸುತ್ತಾನೆ.

“ಇದು ನಮ್ ಪ್ರಾಜೆಕ್ಟು ಅಕ್ಕಾ,” ಎಂದು ಅವನು ಗೋಡೆಯಗಲದ ಟಿ.ವಿ. ಹಚ್ಚಿದ. “ವೈಟ್ ಪೇಪರ್ ಅಂತೀವಿ. ಯೋಜನೆ ಪೂರ್ತಿ ಇದ್ರಲ್ಲೈತೆ.”

ಪೇಪರು ಹಾಲಿನಷ್ಟೇ ಬೆಳ್ಳಗಿತ್ತು, ಹುಣಸೆಪಾಳ್ಯದ ಕೆಲವರ ಹಾಲಿನಷ್ಟೇ ನೀರಾಗಿತ್ತು. ‘ಗೋವು ನಮ್ಮ ತಾಯಿ, ಬ್ಲಾಕ್‌ಚೈನ್ ನಮ್ಮ ತಂದೆ’ ಎಂದು ಶುರುವಾಗಿ, ‘ಇದು ಹಣಕಾಸಿನ ಸಲಹೆಯಲ್ಲ’ ಎಂದು ಇರುವೆಯಂಥ ಅಕ್ಷರದಲ್ಲಿ ಮುಗಿಯುತ್ತಿತ್ತು. ನಡುವೆ ‘ನಮ್ಮ ತಂಡ’ ಎಂದು ನಗುವ ಮುಖಗಳು. ಕೋಟು ತೊಟ್ಟ ಒಬ್ಬ ಬಿಳಿಯನ ಕೆಳಗೆ ‘ಡಾಕ್ಟರ್ ಆಲ್ಬರ್ಟ್, ಮುಖ್ಯ ತಂತ್ರಜ್ಞರು’ ಎಂದಿತ್ತು. ತಂತ್ರಜ್ಞರೇನೋ ಹೌದು, ಯಾವ ತಂತ್ರ ಎಂದಷ್ಟೇ ಬರೆದಿರಲಿಲ್ಲ.

“ಈವಪ್ಪನ್ನ ನಾನು ನೋಡಿದ್ದೀನಿ,” ಎಂದಳು ಗಂಗಾಲಕ್ಷ್ಮಿ.

“ನೋಡಿರಲ್ಲ ಅಕ್ಕಾ. ಅವ್ರು ಸ್ವಿಟ್ಜರ್ಲೆಂಡಲ್ಲಿ ಇರೋದು.”

“ಮಾಲೂರಲ್ಲಿ ಅವ್ನೆ. ಹಲ್ಲಿನ ಡಾಕ್ಟ್ರ ಬೋರ್ಡಲ್ಲಿ. ಇದೇ ಕೋಟು, ಇದೇ ಹಲ್ಲು.”

ಕದಿರೇಶ್ ಟಿ.ವಿ.ಯನ್ನು ಮುಂದಿನ ಪುಟಕ್ಕೆ ಸರಿಸಿದ. “ಮೊದ್ಲು ಮಾಡೆಲಿಂಗ್ ಮಾಡ್ತಿದ್ರು ಅಕ್ಕಾ.”

“ಪಾಪ, ಕಷ್ಟಪಟ್ಟು ಮೇಲೆ ಬಂದವ್ರೆ,” ಎಂದ ಗುರುವಪ್ಪ.

“ದುಡ್ಡು ಹಾಕಿದ್ಮೇಲೆ ಬೀಗದ ಕೈ ಯಾರ ಹತ್ರ ಇರ್ತದೆ?” ಎಂದಳು ಗಂಗಾಲಕ್ಷ್ಮಿ.

“ಇದ್ರಲ್ಲಿ ಬೀಗದ ಕೈ ಅಂದ್ರೆ ಒಂದಷ್ಟು ಪದಗಳು ಅಕ್ಕಾ. ಗುಪ್ತ ಪದಗಳು. ಅವು ಗೊತ್ತಿದ್ದೋರೇ ಪೆಟ್ಟಿಗೆ ತೆಗೀಬೋದು.”

“ಯಾರಿಗೆ ಗೊತ್ತು?”

“ನನಗೆ.”

“ಇನ್ಯಾರಿಗೆ?”

“ಭದ್ರತೆ ದೃಷ್ಟಿಯಿಂದ ನನಗೊಬ್ಬನಿಗೇ.”

ಹುಣಸೆಪಾಳ್ಯದ ಮಾರಮ್ಮನ ಹುಂಡಿಗೆ ಎರಡು ಬೀಗವಿದೆ. ಪೂಜಾರಿಯ ಬಳಿ ಒಂದು ಕೀಲಿ, ಊರಿನವರ ಬಳಿ ಒಂದು. ದೇವರನ್ನೇ ಒಬ್ಬನ ಕೈಗೆ ಬಿಡದ ಜನ ಈಗ ಒಂದು ಕೀಲಿಯ ಹುಡುಗನ ಮುಂದೆ ಬಾಯಿ ತೆರೆದು ಕೂತಿದ್ದರು. ಗಂಗಾಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಮುಖಕ್ಕೆ ನೀರು ಹಾಕಿಕೊಂಡು ಬರುತ್ತೇನೆಂದು ಹಿತ್ತಲಿಗೆ ನಡೆದಳು.

ಹಿತ್ತಲ ಒಲೆಯ ಮೇಲೆ ಎರಡನೇ ಸುತ್ತಿನ ಮುದ್ದೆ ಬೇಯುತ್ತಿತ್ತು. ಕದಿರೇಶನ ತಾಯಿ ರಮಾದೇವಿ ಬಿಸಿ ಪಾತ್ರೆಯನ್ನು ಒಂದು ಟವೆಲ್ಲಿನಲ್ಲಿ ಹಿಡಿದು ಇಳಿಸುತ್ತಿದ್ದಳು. ಮಸಿ ಹಿಡಿದ ಟರ್ಕಿ ಟವೆಲ್ಲು. ಮೂಲೆಯಲ್ಲಿ ಚಿನ್ನದ ದಾರದ ಮಾವಿನಮರ, ಮರದಿಂದ ಉದುರುವ ನಾಣ್ಯ. ಕೆಳಗೆ ‘ಫಲಕೋಟಿ ಕಾಯಿನ್’.

“ಇದೇನಮ್ಮಾ ಇದು?”

“ಇದಾ? ಹೋದ್ ಸಲದ್ದು,” ಎಂದಳು ರಮಾದೇವಿ. ಅವಳ ದನಿಯಲ್ಲಿ ಕಪಟವಿರಲಿಲ್ಲ. “ಮುಳಬಾಗ್ಲು ಕಡೆ ತೋಟದೋರಿಗೆಲ್ಲ ಹಂಚಿ ಮಿಕ್ಕಿದ್ದು. ಒಳ್ಳೇ ಬಟ್ಟೆ, ಬಿಸಿ ತಡೀತದೆ.”

“ಆ ಕಾಯಿನ್ ಏನಾಯ್ತು?”

“ಮುಗೀತಲ್ಲಮ್ಮಾ. ಮಾವಿನ ಸೀಜನ್ ಮುಗಿಯಲ್ವಾ, ಹಂಗೇ.”

“ದುಡ್ಡು ಹಾಕಿದೋರು?”

“ಒಂದೆರಡು ಸಲ ಗೇಟಿನ ಹತ್ರ ಬಂದು ಕಿರುಚಾಡಿದ್ರು. ಆಮೇಲೆ ಗೇಟು ಎತ್ತರ ಮಾಡಿಸಿದ್ವಿ.”

ಗಂಗಾಲಕ್ಷ್ಮಿ ಆ ಟವೆಲ್ಲನ್ನು ಕಸಿದುಕೊಂಡು ಒಳಗೆ ಓಡಿದಳು. ತಡವಾಗಿತ್ತು. ಎಲೆಗಳು ಬಿದ್ದಿದ್ದವು. ನಾಟಿಕೋಳಿ ಸಾರಿನ ಘಮಕ್ಕೆ ಕಟ್ಟಳೆಗಳೆಲ್ಲ ಕರಗಿ, ಗುರುವಪ್ಪನ ಮುದ್ದೆ ಅರ್ಧಕ್ಕೆ ಬಂದಿತ್ತು. ಮುತ್ಯಾಲಮ್ಮ ಕೂಡ ಬೆರಳು ಚೀಪುತ್ತಿದ್ದಳು.

“ಮುತ್ಯಾಲಕ್ಕ! ಕೈ ತೆಗಿ!” ಎಂದು ಕೂಗಿ ಟವೆಲ್ಲನ್ನು ಎಲೆಗಳ ಮುಂದೆ ಎಸೆದಳು. “ನೋಡಿ ಇದನ್ನ. ಇವ್ನು ಹಿಂದೆ ಇನ್ನೊಂದು ಕಾಯಿನ್ ಮಾಡಿ ಮುಳಬಾಗ್ಲೋರಿಗೆ ನಾಮ ಹಾಕವ್ನೆ. ಅವ್ರ ಟವೆಲ್ಲು ಈಗ ಮಸಿಬಟ್ಟೆ. ನಾಳೆ ನಮ್ದೂ ಅದೇ ಗತಿ.”

ಎಲ್ಲರೂ ಟವೆಲ್ಲನ್ನು ನೋಡಿದರು. ಆಮೇಲೆ ಸಾರನ್ನು ನೋಡಿದರು.

“ಅದು ಫೇಲ್ ಆಗಿಲ್ಲ ಅಕ್ಕಾ,” ಎಂದ ಕದಿರೇಶ್, ಇನ್ನೊಂದು ತುಂಡು ಬಡಿಸುತ್ತಾ. “ಮೈಗ್ರೇಟ್ ಆಗಿದೆ. ಅಂದ್ರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದೆ.”

ಗಂಗಾಲಕ್ಷ್ಮಿ ತಲೆಯೆತ್ತಿ ಹೊಸ ಮಹಡಿಯ ತಾರಸಿ ನೋಡಿದಳು. “ಎಲ್ಲಿಗೆ ಹೋಗೈತೆ ಅಂತ ಕಾಣ್ತೈತೆ ಬಿಡು.”

“ಊಟದ ಹೊತ್ತಲ್ಲಿ ರಂಪ ಮಾಡಬಾರ್ದು ಕಣೇ,” ಎಂದಳು ಮುತ್ಯಾಲಮ್ಮ ತಗ್ಗಿದ ದನಿಯಲ್ಲಿ. “ಉಪ್ಪು ತಿಂದಾಯ್ತಲ್ಲ. ಇನ್ನೇನ್ ಮಾಡಾಕಾಗ್ತದೆ?”

“ಉಗುಳು!”

ಮುತ್ಯಾಲಮ್ಮ ನುಂಗಿದಳು.

ವಾಪಸು ಬರುವಾಗ ಹೊಟ್ಟೆ ತುಂಬಿದವರು ಸುಮೋದಲ್ಲಿ ತೂಕಡಿಸುತ್ತಿದ್ದರು. ಖಾಲಿ ಹೊಟ್ಟೆಯ ಗಂಗಾಲಕ್ಷ್ಮಿ ಮಾತ್ರ ಉರಿಯುತ್ತಿದ್ದಳು.

“ನನ್ ತಂಗಿ ಹಾಲು ತಂದ್ರೂ ಲ್ಯಾಕ್ಟೋಮೀಟರ್ ಬಿಟ್ಟು ನೋಡ್ತೀರಲ್ಲ ಗುರುವಣ್ಣ! ಅರ್ಧ ಲೋಟ ನೀರು ಸೇರಿಸಿದ್ರೆ ಕ್ಯಾನು ಎತ್ತಿ ಆಚೆ ಇಡ್ತೀರಾ. ಅಲ್ಲಿ ಅವಳ ಮುಖ ನೋಡಲ್ಲ, ಅವಳ ಅಪ್ಪನ ಗೇಟು ನೋಡಲ್ಲ, ಹಾಲು ನೋಡ್ತೀರಾ. ಈ ಹುಡುಗನಿಗೆ ಯಾಕೆ ಅವನ ಅಮ್ಮನ ಸಾರು ನೋಡ್ತೀರಾ? ಅಳಿಯ ಆಗೋನಿಗೆ ಕುಡಿತ ಇಲ್ವಾ ಅಂತ ಕೇಳಿ, ಬೇಡ ಅನ್ನಲ್ಲ. ದುಡ್ಡು ತಗೊಳ್ಳೋನಿಗೆ ಕೀಲಿ ಯಾರ ಹತ್ರ, ಹಿಂದಿನ ದುಡ್ಡು ಎಲ್ಲಿ ಅಂತ ಕೇಳ್ಬೇಕು. ಕುಡೀದೇ ಇರೋ ಕಳ್ಳ ಇನ್ನೂ ಅಪಾಯ, ಅವನ ಕೈ ನಡುಗಲ್ಲ!”

“ಮುಗೀತಾ?” ಎಂದ ಗುರುವಪ್ಪ, ಕಣ್ಣು ತೆರೆಯದೆ. “ನಂಬಿಕೆ ಮೇಲೆ ಪ್ರಪಂಚ ನಿಂತೈತೆ.”

“ಹಸು ಅಂಬಾ ಅಂತದೆ, ನೀವು ನಂಬಾ ಅಂತೀರಾ. ಹಸುಗಾದ್ರೂ ಹಾಲು ಕೊಡೋ ಯೋಗ್ಯತೆ ಐತೆ.”

ಅಂದಿನಿಂದ ಅವಳು ಮನೆಮನೆ ಹತ್ತಿದಳು. ಕೊಟ್ಟಿಗೆಗಳಲ್ಲಿ ಸಗಣಿ ಬಾಚುವವರ ಪಕ್ಕದಲ್ಲಿ ನಿಂತು, ಫಲಕೋಟಿಯ ಮಸಿಬಟ್ಟೆಯ ಕಥೆ ಹೇಳಿದಳು. ಕೆಲವರು ಕೇಳಿಸಿಕೊಂಡರು, ಮುಖ್ಯವಾಗಿ ಮುದುಕಿಯರು. ಗಂಟು ಕಟ್ಟಿದ ಕೈಗಳು ಅವರವೇ. ಒಂಟಿ ಹಸುವಿನ ಆಂಜಿನಮ್ಮ ಎಲ್ಲರಿಗಿಂತ ಮುಂದೆ ನಿಂತಳು. “ನನ್ ದುಡ್ಡಿಗೆ ಕೋಣೆ ಬೇಕು. ಕಾಣ್ದೇ ಇರೋ ಕೋಟಿ ಬ್ಯಾಡ,” ಎಂದಳು.

ಗುರುವಪ್ಪ ತಲೆ ಎಣಿಸಿದ. ಗಂಟು ಮುಟ್ಟಲು ಸದಸ್ಯರ ಮಹಾಸಭೆ ಒಪ್ಪಬೇಕು; ಅಲ್ಲಿ ಕೈ ಎತ್ತಿಸಿದರೆ ಸೋಲುವ ಹಾಗೆ ಕಂಡಿತು. ಅಂದೇ ಅವನ ತಲೆಗೆ ಮಹಾ ಉಪಾಯ ಹೊಳೆಯಿತು. ಗಂಗಾಲಕ್ಷ್ಮಿಯ ಕಡೆಯ ಮುದುಕಿಯರಲ್ಲಿ ಬಹಳ ಜನರ ಹಸುಗಳು ಬತ್ತಿದ್ದವು. ಡೇರಿಯ ಬೈಲಾದಲ್ಲಿ ಒಂದು ಕಲಂ ಇದೆ: ವರ್ಷದಲ್ಲಿ ಇಂತಿಷ್ಟು ದಿನ ಡೇರಿಗೆ ಹಾಲು ಹಾಕದವರಿಗೆ ಮತವಿಲ್ಲ, ಹುದ್ದೆಯೂ ಇಲ್ಲ. ಧೂಳು ತಿನ್ನುತ್ತಿದ್ದ ಆ ಕಲಮನ್ನು ಯಾರೂ ಜಾರಿ ಮಾಡಿರಲಿಲ್ಲ. ಹಸು ಬತ್ತುವುದು ಯಾರ ತಪ್ಪೂ ಅಲ್ಲವಲ್ಲ.

ಮಹಾಸಭೆ ಡೇರಿಯ ಮುಂದಿನ ಶಾಮಿಯಾನದಲ್ಲಿ ನಡೆಯಿತು. ಎಲ್ಲರಿಗೂ ಖಾರಾಬಾತು, ಒಂದೊಂದು ಟವೆಲ್ಲು. ವೇದಿಕೆಯ ಮೇಲೆ ಗುರುವಪ್ಪ, ಬಿಳಿ ಅಂಗಿಯ ಕದಿರೇಶ್, ಹಾಲು ಒಕ್ಕೂಟದಿಂದ ಬಂದ ಅಧಿಕಾರಿ ಮೂರ್ತಿ. ಮೂರ್ತಿ ಹೆಸರಿಗೆ ತಕ್ಕವರು. ಬೈಲಾದ ಮಾತು ಬರುವವರೆಗೆ ಅಲುಗಾಡುತ್ತಿರಲಿಲ್ಲ. ಅವರು ಗಾಬರಿಯಾಗದಿರಲೆಂದು ನಿರ್ಣಯದಲ್ಲಿ ಕಾಯಿನ್ ಎಂಬ ಪದವೇ ಇರಲಿಲ್ಲ. ‘ಕಟ್ಟಡ ನಿಧಿಯನ್ನು ಸದಸ್ಯರ ಡಿಜಿಟಲ್ ತರಬೇತಿಗೆ ವಿನಿಯೋಗಿಸುವುದು’ ಎಂದಿತ್ತು.

“ಸಾರ್, ಅದು ತರಬೇತಿ ಅಲ್ಲ!” ಎಂದು ಗಂಗಾಲಕ್ಷ್ಮಿ ಎದ್ದು ನಿಂತಳು. “ಟೋಪಿ!”

“ತರಬೇತಿ ಅಂತ ಬರೆದಿದೆಯಲ್ಲಮ್ಮ,” ಎಂದರು ಮೂರ್ತಿ. “ಬರೆದಿದ್ದನ್ನು ನಾನು ನೋಡ್ತೀನಿ.”

“ಅಕ್ಕನಿಗೆ ನನ್ ಮೇಲೆ ನಂಬಿಕೆ ಇಲ್ಲ,” ಎಂದ ಕದಿರೇಶ್, ಮೈಕಿನಲ್ಲಿ, ಗಂಟಲು ಗದ್ಗದ ಮಾಡಿಕೊಂಡು. “ನಂಬಿಕೆ ಇಲ್ದಿದ್ರೆ ಸಂಬಂಧ ಹೆಂಗಕ್ಕಾ?”

“ಸಂಬಂಧ ಮಾಡಕ್ಕೆ ನೀನೇನು ನನ್ ಅಳಿಯನಾ? ಮುಳಬಾಗ್ಲೋರ ದುಡ್ಡು ಎಲ್ಲಿ ಅಂತ ಅದೇ ಮೈಕಲ್ಲಿ ಹೇಳು!”

ಮೈಕು ಕುಂಯ್ ಎಂದಿತು. ಕದಿರೇಶ್ ಅದನ್ನು ಗುರುವಪ್ಪನ ಕೈಗೆ ದಾಟಿಸಿದ.

“ಕಿರುಚಾಟ ಸಾಕು,” ಎಂದು ಗುರುವಪ್ಪ ಎದ್ದ. “ಮತಕ್ಕೆ ಹಾಕೋಣ. ಆದ್ರೆ ಎಲ್ಲಾ ಕಾನೂನು ಪ್ರಕಾರ ನಡೀಬೇಕು. ಮೂರ್ತಿ ಸಾರ್, ಹಾಲು ಹಾಕ್ದೇ ಇರೋರಿಗೆ ಮತ ಇಲ್ಲ ಅಂತ ಬೈಲಾ ಐತಲ್ವಾ?”

ಮೂರ್ತಿಯವರ ಕಣ್ಣಿಗೆ ಮೊದಲ ಸಲ ಜೀವ ಬಂತು. “ಇದೆ. ಮತವೂ ಇಲ್ಲ, ಹುದ್ದೆಯೂ ಇಲ್ಲ.”

“ಕೇಳಿಸ್ತಾ? ಈ ವರ್ಷ ಹಾಲು ಹಾಕಿರೋರು ಬಲಗಡೆ ಕೂರ್ರಿ. ಹಾಕ್ದೇ ಇರೋರು ಎಡಗಡೆ ಹೋಗ್ರಿ. ಎಡಗಡೆಯೋರು ಕೈ ಎತ್ತಂಗಿಲ್ಲ.”

ಮುದುಕಿಯರು ಒಬ್ಬೊಬ್ಬರಾಗಿ ಎದ್ದರು. ಗಂಟು ಕಟ್ಟಿದವರು ಗಂಟಿನ ಮಾತಿಗೆ ಹೊರಗಿನವರಾದರು. ಸೊಂಟ ಹಿಡಿದುಕೊಂಡು, ಕೈಯಲ್ಲಿ ಟವೆಲ್ಲು, ಎಡಗಡೆಯ ಬಿಸಿಲಿಗೆ ಹೋಗಿ ನಿಂತರು. ಶಾಮಿಯಾನ ಬಲಗಡೆಗೆ ಮಾತ್ರ ಇತ್ತು. ಗಂಗಾಲಕ್ಷ್ಮಿಯ ಹಸುಗಳು ಹಾಲು ಕರೆಯುತ್ತಿದ್ದವು, ಅವಳು ಬಲಗಡೆಯವಳು. ಆದರೂ ಎದ್ದು ಬಿಸಿಲಲ್ಲಿ ಅವರ ಜೊತೆ ನಿಂತಳು.

ಆಂಜಿನಮ್ಮ ಹಣೆಗೆ ಕೈ ಅಡ್ಡ ಹಿಡಿದು ವೇದಿಕೆಯನ್ನು ನೋಡಿದಳು.

“ಅಲ್ಲ ಗುರುವಪ್ಪ, ನೀನ್ಯಾಕಪ್ಪಾ ಅಲ್ಲೇ ಕೂತಿದ್ದೀಯಾ? ನೀನೂ ಈ ಕಡೆ ಬರ್ಬೇಕಲ್ವಾ?”

“ಏನಜ್ಜಿ?”

“ನಿಮ್ಮನೆ ಹಾಲು ಹೋದ್ ಉಗಾದಿಯಿಂದ ಮಾಲೂರು ಹೋಟ್ಲಿಗೆ ತಾನೇ ಹೋಗೋದು? ದಿನಾ ಬೆಳಿಗ್ಗೆ ನಿನ್ ಟೆಂಪೋ ಡೇರಿ ಮುಂದೇನೇ ಹಾರ್ನ್ ಹೊಡ್ಕೊಂಡು ಹೋಗ್ತದೆ. ಬಾ, ಜಾಗ ಬಿಡ್ತೀನಿ.”

ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ, ಗುರುವಪ್ಪನಿಗೇ ಮರೆತುಹೋಗಿತ್ತು. ಕಾನೂನು ಎನ್ನುವುದು ಸದಾ ವೇದಿಕೆಯಿಂದ ಕೆಳಕ್ಕೆ ಹರಿಯುತ್ತದೆ ಎಂದೇ ಅವನು ನಂಬಿದ್ದ.

“ಹೌದೇನ್ರಿ?” ಎಂದರು ಮೂರ್ತಿ.

“ಅದು... ಹೋಟ್ಲೋನು ನಮ್ ಕಡೆಯೋನು ಸಾರ್. ಹಾಲು ಹಾಲೇ ಅಲ್ವಾ?”

“ಡೇರಿಗೆ ಹಾಕಿದ್ರೆ ಹಾಲು. ಹೋಟೆಲ್‌ಗೆ ಹಾಕಿದ್ರೆ ಬೈಲಾ ಪ್ರಕಾರ ಅದು ಹಾಲಲ್ಲ.” ಮೂರ್ತಿ ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ನೀವು ಅಧ್ಯಕ್ಷರಲ್ಲ. ಈ ಸಭೆಯ ನೋಟಿಸಿಗೆ ಸಹಿ ಮಾಡಿದ್ದು ಯಾರು?”

“ನಾನೇ.”

“ಅಧ್ಯಕ್ಷರಲ್ಲದವರು ಸಹಿ ಮಾಡಿದ ನೋಟಿಸು ನೋಟಿಸಲ್ಲ. ನೋಟಿಸಿಲ್ಲದ ಸಭೆ ಸಭೆಯಲ್ಲ. ನಿರ್ಣಯವೂ ಇಲ್ಲ, ತರಬೇತಿಯೂ ಇಲ್ಲ. ನಿಧಿ ಎಲ್ಲಿದೆಯೋ ಅಲ್ಲೇ ಇರಲಿ.”

ಕದಿರೇಶ್ ಫೋನನ್ನು ಜೇಬಿಗೆ ಹಾಕಿ, ಸುಮೋ ಎಲ್ಲಿದೆ ಎಂದು ಮೊದಲ ಸಲ ತಲೆ ಎತ್ತಿ ನೋಡಿದ. ಮುತ್ಯಾಲಮ್ಮ ನಿಟ್ಟುಸಿರು ಬಿಟ್ಟಳು. “ಛೇ, ಒಳ್ಳೇ ಸಂಬಂಧ. ಮುಹೂರ್ತ ಕೂಡಿ ಬರ್ಲಿಲ್ಲ.”

ಆಗ ಗಂಗಾಲಕ್ಷ್ಮಿ ಬಿಸಿಲಿನಿಂದ ವೇದಿಕೆಯ ಮುಂದಕ್ಕೆ ನುಗ್ಗಿದಳು.

“ಮುಹೂರ್ತನಾ? ಕಳ್ಳ ಅಂತ ಟವೆಲ್ಲು ತಂದು ಮುಂದೆ ಎಸೆದ್ರೆ ನಂಬಲಿಲ್ಲ. ಹಲ್ಲಿನ ಡಾಕ್ಟ್ರ ಬೋರ್ಡಿನ ಮಾತು ಹೇಳಿದ್ರೆ ನಂಬಲಿಲ್ಲ. ಅವನ ಹೆತ್ತ ತಾಯೇ ಬಾಯಿಬಿಟ್ಟಿದ್ದನ್ನ ಹೇಳಿದ್ರೂ ನಂಬಲಿಲ್ಲ! ಈಗ ದುಡ್ಡು ಉಳೀತು, ಯಾಕೆ? ನಿಮ್ಗೆ ಬುದ್ಧಿ ಬಂತು ಅಂತನಾ? ಗುರುವಣ್ಣನ ಹಾಲು ಹೋಟ್ಲಿಗೆ ಹೋಯ್ತು ಅಂತ! ನಾಳೆ ಇನ್ನೊಬ್ಬ ಬರ್ತಾನೆ, ಬಿಳಿ ಪಂಚೆ ಉಟ್ಕೊಂಡು, ಕಾಲಿಗೆ ಬಿದ್ಕೊಂಡು. ಆಗ್ಲೂ ಹೋಗಿ ಅವನಮ್ಮನ ಸಾರು ಕುಡೀತೀರಾ! ಬರ್ಕೊಳ್ಳಿ ಸಾರ್. ಇದನ್ನ ಒಂದಕ್ಷರ ಬಿಡದಂಗೆ ಬರ್ಕೊಳ್ಳಿ. ಈ ಕದಿರೇಶನ್ನ ನಂಬಬಾರ್ದು ಅಂತ ಗಂಗಾಲಕ್ಷ್ಮಿ ಹೇಳಿದ್ಲು, ಯಾರೂ ಕೇಳಲಿಲ್ಲ ಅಂತ ನಡಾವಳಿಯಲ್ಲಿ ಇರ್ಬೇಕು!”

ಮೂರ್ತಿಯವರು ಬ್ಯಾಗಿನ ಜಿಪ್ ಎಳೆದರು.

“ಬರೆಯೋಕೆ ಆಗಲ್ಲಮ್ಮ. ಸಭೇನೇ ನಡೆದಿಲ್ವಲ್ಲ.”